ಸ್ಕ್ಯಾನರ್‌ನ ಬ್ಯಾಟರಿ ಎಚ್ಚರಿಕೆ ಎಷ್ಟು ವೋಲ್ಟಿಗೆ ಇಡಬೇಕು?

ನೀವು ಕೇಳಿದ್ದು ಇಷ್ಟು ಅಲ್ವಾ: ಕೈಯಲ್ಲಿ ಹಿಡಿಯುವ ರೇಡಿಯೋ ಸ್ಕ್ಯಾನರ್ (ಒಂದಾದ ಮೇಲೊಂದು ಫ್ರೀಕ್ವೆನ್ಸಿ ಹುಡುಕಿ ಕೇಳಿಸುವ ಸೆಟ್), ಮೂರು ಪೆನ್ಸಿಲ್ ಸೆಲ್, ಅದೂ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಬ್ಯಾಟರಿ ಲೋ ಬೀಪ್ ಬಂದ ಎರಡೇ ನಿಮಿಷಕ್ಕೆ ಸೆಟ್ ಆಫ್ ಆಗುತ್ತದೆ. ಮೆನುವಿನಲ್ಲಿ ಎಚ್ಚರಿಕೆಯ ವೋಲ್ಟೇಜ್ 3.0 ಎಂದಿದೆ, ಅದನ್ನು ಎಷ್ಟಕ್ಕೆ ಇಡಬೇಕು.

3.4ಕ್ಕೆ ಇಡಿ. ಅವಸರ ಇದ್ದರೆ ಇಷ್ಟು ಸಾಕು. ಆದರೆ ನಿಮ್ಮ ಸೆಲ್‌ಗೆ 3.4 ಸರಿಯೋ, ಸ್ವಲ್ಪ ಮೇಲೆ ಕೆಳಗೆ ಬೇಕೋ ಅನ್ನುವುದನ್ನು ನೀವೇ ಒಂದು ಸಲ ನೋಡಿಕೊಳ್ಳಬೇಕು. ಅದು ಹೇಗೆ ಅಂತ ಹೇಳುತ್ತೇನೆ.

ನಾನು ಸೋಮವಾರಪೇಟೆ ಕಡೆಯವನು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅನ್ನುವ ಲೆಕ್ಕವೇ ಇಲ್ಲ. ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಹೋಯಿತು. ಹಾಗಾಗಿ ಸೆಲ್ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಆದರೂ ಕೈಕೊಟ್ಟಿದ್ದು ಒಳ್ಳೆ ಬಿಸಿಲಿನ ದಿನ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಆಗಾಗ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಕಳಿಸುತ್ತಾರೆ. ಕಿವಿಗೆ ಅದು ಬರೀ ಕೀರಲು ಸದ್ದು. ಫೋನನ್ನು ಸ್ಪೀಕರ್ ಹತ್ತಿರ ಹಿಡಿದರೆ ಅದರಲ್ಲಿರುವ ಆ್ಯಪ್ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತದೆ. ನಿಲ್ದಾಣ ನಮ್ಮ ತಲೆ ಮೇಲೆ ಹಾದುಹೋಗುವುದು ಹೆಚ್ಚೆಂದರೆ ಹತ್ತು ನಿಮಿಷ. ಒಂದು ಚಿತ್ರಕ್ಕೆ ಎರಡು ನಿಮಿಷದ ಹತ್ತಿರ ಬೇಕು. ಆಕಾಶ ಬಿಚ್ಚಿಕೊಂಡಿರುತ್ತದೆ ಅಂತ ಕಾಫಿ ಒಣಹಾಕುವ ಕಣದಲ್ಲಿ ನಿಂತಿದ್ದೆ. ಚಿತ್ರ ಅರ್ಧ ಇಳಿದಿತ್ತು. ಒಂದು ಬೀಪ್. ಇನ್ನೊಂದು ಬೀಪ್. ಸೆಟ್ ಕಣ್ಣು ಮುಚ್ಚಿತು. ಬೇರೆ ಸೆಲ್ ಮನೆಯೊಳಗೆ ಹುಡುಕಿ ತಂದು ಹಾಕುವಷ್ಟರಲ್ಲಿ ನಿಲ್ದಾಣ ಬಂಗಾಳ ಕೊಲ್ಲಿ ದಾಟಿತ್ತು. ಆ ಅರ್ಧ ಚಿತ್ರ ಇನ್ನೂ ಫೋನಿನಲ್ಲಿದೆ.

ಈಗ ಕಾರಣ ನೋಡಿ. ಸೆಲ್‌ನಲ್ಲಿ ಎಷ್ಟು ಉಳಿದಿದೆ ಅಂತ ಸೆಟ್‌ಗೆ ನೇರವಾಗಿ ಗೊತ್ತಾಗುವುದಿಲ್ಲ. ಅದು ನೋಡುವುದು ವೋಲ್ಟೇಜ್ ಮಾತ್ರ. ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ 1.5 ವೋಲ್ಟಿನಿಂದ ಶುರುವಾಗಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ನಮ್ಮ ಘಾಟಿ ರಸ್ತೆ ಇಳಿದ ಹಾಗೆ, ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ರೀಚಾರ್ಜ್ ಸೆಲ್ ಹಾಗಲ್ಲ. ಚಾರ್ಜರ್‌ನಿಂದ ತೆಗೆದಾಗ 1.4ರ ಹತ್ತಿರ ಇರುತ್ತದೆ, ಬೇಗ 1.2ರ ಆಸುಪಾಸಿಗೆ ಬಂದು ಅಲ್ಲೇ ಗಂಟೆಗಟ್ಟಲೆ ಕೂರುತ್ತದೆ. ಕೊನೆಗೆ ಬರೆಯಿಂದ ಜಾರಿದ ಹಾಗೆ ಒಮ್ಮೆಲೇ ಕೆಳಗೆ. 1.0ಕ್ಕೆ ಬಂತು ಅಂದರೆ ಅದರ ಕಥೆ ಮುಗಿದಿದೆ. ಮೂರು ಸೆಲ್ ಸೇರಿ 3.0 ಆಯಿತಲ್ಲ, ನಿಮ್ಮ ಸೆಟ್ ಬೀಪ್ ಮಾಡುವುದು ಆಗಲೇ. ಜಾರಿ ಬಿದ್ದ ಮೇಲೆ ಹುಷಾರು ಅಂದ ಹಾಗೆ.

3.4 ಅಂದರೆ ಒಂದೊಂದಕ್ಕೆ 1.13. ಆ ಸಮತಟ್ಟು ಮುಗಿದು ಇಳಿಜಾರು ಶುರುವಾಗುವ ಜಾಗ ಅದು. ಜಾಸ್ತಿ ಸಮಯ ಸಿಗಲಿ ಅಂತ 3.6ಕ್ಕೆ ಇಟ್ಟರೆ ಅರ್ಧ ದಿನ ಬೀಪ್ ಕೇಳಿಸಿಕೊಂಡು ಕೂರಬೇಕು, ಆಮೇಲೆ ಅದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಆಲ್ಕಲೈನ್ ಹಾಕಿದ ದಿನ ಮಾತ್ರ 3.2ಕ್ಕೆ ಇಳಿಸಿಕೊಳ್ಳಿ, ಅದರಲ್ಲಿ ಅಷ್ಟಕ್ಕೂ ಬೇಕಾದಷ್ಟು ಸಮಯ ಸಿಗುತ್ತದೆ.

ಇನ್ನು ಪರೀಕ್ಷೆ. ನಾನು ಇದನ್ನು ಮಾಡಿದ್ದು ಕಕ್ಕಡ 18ರ ದಿನ, ಕಕ್ಕಡ ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳು. ಮಳೆ ಹೊರಗೆ ಕಾಲಿಡಲು ಬಿಟ್ಟಿರಲಿಲ್ಲ, ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಆಗುತ್ತಿತ್ತು. ಸೊಪ್ಪಿನ ರಸ ಸೋಸಿದ ನೇರಳೆ ಬೆರಳಲ್ಲೇ ಸೆಟ್ ಮುಟ್ಟಿದ್ದೆ, ಆ ಬಣ್ಣ ವಾಲ್ಯೂಮ್ ಗುಬ್ಬಿಯ ಗೀರುಗಳಲ್ಲಿ ಇವತ್ತಿಗೂ ಇದೆ. ಮೂರು ಸೆಲ್ ಪೂರ್ತಿ ಚಾರ್ಜ್ ಮಾಡಿ, ದಿನಾ ಬಳಸುವಷ್ಟೇ ವಾಲ್ಯೂಮ್ ಇಟ್ಟು ಸ್ಕ್ಯಾನ್‌ಗೆ ಬಿಟ್ಟೆ. ಕುಯ್ಲಿನ ತೂಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಎರಡೇ ಸಮಯ ಬರೆದೆ: ಮೊದಲ ಬೀಪ್ ಯಾವಾಗ, ಆಫ್ ಆಗಿದ್ದು ಯಾವಾಗ. 3.0ರಲ್ಲಿ ನಡುವೆ ಸಿಕ್ಕಿದ್ದು 4 ನಿಮಿಷ. ಮರುದಿನ 3.4ರಲ್ಲಿ 50 ನಿಮಿಷ. ನಿಮ್ಮದು ಬೇರೆ ಬರುತ್ತದೆ, ಬರಲೇಬೇಕು. ಅರ್ಧ ಗಂಟೆಗಿಂತ ಕಡಿಮೆ ಬಂದರೆ 0.05 ಏರಿಸಿ, ಒಂದೂವರೆ ಗಂಟೆ ದಾಟಿದರೆ ಅಷ್ಟೇ ಇಳಿಸಿ. ಸೆಲ್ ಹಳೆಯದಾದ ಹಾಗೆ ಈ ಸಮಯ ಕಡಿಮೆ ಆಗುತ್ತದೆ. ಅದಕ್ಕೆ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಇನ್ನೊಂದು ಸಲ ಮಾಡುತ್ತೇನೆ.

ಮಲ್ಟಿಮೀಟರ್ ಇದ್ದರೆ ಸೆಟ್ ಆನ್ ಇದ್ದಾಗಲೇ ಅಳೆಯಿರಿ. ಸೆಲ್ ಹೊರಗೆ ತೆಗೆದು ಐದು ನಿಮಿಷ ಬಿಟ್ಟರೆ ಅದು ಸುಧಾರಿಸಿಕೊಂಡು 1.2 ತೋರಿಸುತ್ತದೆ, ಸುಮ್ನೆ ಮೋಸ.

ಬೇರೆ ಬೇರೆ ಸೆಲ್ ಬೆರೆಸಬೇಡಿ. ಮೂರೂ ಸಾಲಾಗಿ ಕೆಲಸ ಮಾಡುತ್ತವೆ. ಒಂದು ಸೋತಿದ್ದರೆ ಉಳಿದೆರಡು ಅದನ್ನು ಎಳೆದುಕೊಂಡು ಹೋಗುತ್ತವೆ, ಸೋತದ್ದು ಸೊನ್ನೆಗೂ ಕೆಳಗೆ ಇಳಿದು ಉಲ್ಟಾ ಆಗಿ ಹಾಳಾಗುತ್ತದೆ. ನಾನು ಹೆಂಡತಿಯ ನೈಲ್ ಪಾಲಿಶ್ ಕೇಳಿ ಜೊತೆ ಜೊತೆಗೆ ಚುಕ್ಕೆ ಇಟ್ಟಿದ್ದೇನೆ. ಒಂದು ಚುಕ್ಕೆಯ ಮೂರು, ಎರಡು ಚುಕ್ಕೆಯ ಮೂರು. ಚಾರ್ಜ್‌ಗೆ ಹೋಗುವುದೂ ಒಟ್ಟಿಗೇ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕೆಲವು ಸೆಟ್‌ಗಳಲ್ಲಿ ಸೆಲ್ ಕೂರುವ ಗುಂಡಿಯೊಳಗೆ ಆಲ್ಕಲೈನ್ ಅಥವಾ ರೀಚಾರ್ಜ್ ಅಂತ ಆರಿಸುವ ಪುಟ್ಟ ಸ್ವಿಚ್ ಇರುತ್ತದೆ. ಯೂನಿಡೆನ್ ಬಿಸಿ125ಎಟಿಯಲ್ಲಿ ಇದೆ. ಅದು ರೀಚಾರ್ಜ್ ಕಡೆ ಇದ್ದು, ಒಳಗೆ ಆಲ್ಕಲೈನ್ ಇದ್ದು, ನೀವು ಕೇಬಲ್ ಚುಚ್ಚಿದರೆ ಸೆಟ್ ಆಲ್ಕಲೈನ್‌ಗೇ ಚಾರ್ಜ್ ಕೊಡಲು ಹೋಗುತ್ತದೆ. ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕಬಹುದು. ನಿಮ್ಮದರಲ್ಲಿ ಸ್ವಿಚ್ ಇದೆಯಾ, ಮೊದಲು ನೋಡಿ.

ಎಚ್ಚರಿಕೆ ಬೇಗ ಬರುತ್ತಿದೆ ಅನ್ನಿಸಿದರೆ ಎಲ್ಲ ತಪ್ಪೂ ಸೆಲ್‌ನದ್ದಲ್ಲ. ನಮ್ಮ ಶೀತಕ್ಕೆ ಗೋಡೆಯೇ ಬೂಸ್ಟು ಹಿಡಿಯುತ್ತದೆ, ಸ್ಪ್ರಿಂಗ್ ಬಿಡುತ್ತದಾ? ಸಂಪರ್ಕದ ಜಾಗದಲ್ಲಿ ಮಬ್ಬು ಕೂತರೆ ಅಲ್ಲೇ ವೋಲ್ಟೇಜ್ ಸೋರಿ ಸೆಟ್‌ಗೆ ಕಡಿಮೆ ಕಾಣುತ್ತದೆ. ಮಕ್ಕಳ ರಬ್ಬರ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ವಾಲ್ಯೂಮ್ ಜೋರು, ಲೈಟ್ ಯಾವಾಗಲೂ ಆನ್, ಇವೂ ವೋಲ್ಟೇಜನ್ನು ಜಗ್ಗುತ್ತವೆ.

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಇದೆ ಅಂತ ಬರೆದಿದ್ದೀರಿ, ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದದ್ದನ್ನು ನೋಡಿದವರು ನಾವು. ಅದಕ್ಕೆ ಒಂದು ಜೊತೆ ಸೆಲ್ ಯಾವಾಗಲೂ ಚಾರ್ಜ್ ಆಗಿ ಡಬ್ಬದಲ್ಲಿರಲಿ. ಮಾಮೂಲಿ ರೀಚಾರ್ಜ್ ಸೆಲ್ ಇಟ್ಟಲ್ಲೇ ತಿಂಗಳೊಳಗೆ ಒಂದಷ್ಟು ಖಾಲಿಯಾಗುತ್ತದೆ. ಎನೆಲೂಪ್ ಥರದ್ದು ಇಟ್ಟರೆ ವರ್ಷವಾದರೂ ಬಹುಪಾಲು ಉಳಿದಿರುತ್ತದೆ.

ಬೀಪ್‌ನ ಸದ್ದು, ಎಷ್ಟು ಹೊತ್ತಿಗೊಮ್ಮೆ ಅನ್ನುವುದು ನಿಮ್ಮ ಮೆನುವಿನಲ್ಲಿದ್ದರೆ ಸದ್ದು ನಡುಮಟ್ಟಕ್ಕೆ, ಅಂತರ ಒಂದು ನಿಮಿಷಕ್ಕೆ ಇಡಿ. ನಾನು ಮೊದಲು ತೀರಾ ಸಣ್ಣಗೆ ಇಟ್ಟು ಸೆಟ್ ಆಫ್ ಮಾಡದೆ ಅಟ್ಟದ ಮೆಟ್ಟಿಲ ಮೇಲೆ ಮರೆತುಬಿಟ್ಟಿದ್ದೆ. ರಾತ್ರಿ ಅಮ್ಮ ಟಾರ್ಚ್ ಹಿಡಿದು ಮನೆಯೆಲ್ಲಾ ಜೀರುಂಡೆ ಹುಡುಕುತ್ತಿದ್ದರು.