ಮ್ಯಾಕ್ಸಿಮಿಲಿಯನ್ ಬರೀ ಕೈಗೊಂಬೆಯೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಮೆಕ್ಸಿಕೋದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನನ್ನು 'ಫ್ರೆಂಚರ ಕೈಗೊಂಬೆ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಕೂಲಿಗಳ ಪರ ಕಾನೂನು ತಂದವನಿಗೆ ಇದು ಅನ್ಯಾಯ ಅಲ್ವಾ?"

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಸಿಟ್ಟು ಅರ್ಧ ಸರಿ. ನಾನು ಗೊಂಬೆ ಅಂದದ್ದು ಅವನು ಪಟ್ಟಕ್ಕೆ ಬಂದ ರೀತಿ ನೋಡಿ.

ಹುಟ್ಟಿದ್ದು 1832ರಲ್ಲಿ, ವಿಯೆನ್ನಾದಲ್ಲಿ. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್‌ನ ತಮ್ಮ. ಅತ್ತ ಮೆಕ್ಸಿಕೋದ ಅಧ್ಯಕ್ಷ ಬೆನಿಟೊ ಹ್ವಾರೆಸ್ 1861ರಲ್ಲಿ, ವಿದೇಶಿ ಸಾಲದ ಕಂತು ಎರಡು ವರ್ಷ ಕಟ್ಟಲ್ಲ ಎಂದುಬಿಟ್ಟ. ಫ್ರಾನ್ಸಿನ ಮೂರನೇ ನೆಪೋಲಿಯನ್‌ಗೆ ಅಷ್ಟೇ ನೆಪ ಸಾಕಾಯಿತು. ಸೈನ್ಯ ಕಳಿಸಿ ರಾಜಧಾನಿ ಹಿಡಿದ. ಕೂರಿಸಲು ಒಬ್ಬ ರಾಜ ಬೇಕಿತ್ತು. ಜನ ಒಪ್ಪಿದರೆ ಮಾತ್ರ ಬರುತ್ತೇನೆ ಎಂದ ಮ್ಯಾಕ್ಸಿಮಿಲಿಯನ್. ಫ್ರೆಂಚ್ ಬಂದೂಕುಗಳ ಕಾವಲಿನಲ್ಲಿ ಜನಮತ ಪಡೆದು ಕಾಗದ ತಂದುಕೊಟ್ಟರು. ಪುಣ್ಯಾತ್ಮ ನಂಬಿದ! ಹೊರಡುವ ಮುಂಚೆ ಅಣ್ಣ, ಆಸ್ಟ್ರಿಯಾದ ಪಟ್ಟದ ಹಕ್ಕು ಬಿಟ್ಟೆ ಎಂದು ಬರೆಸಿಕೊಂಡ.

ಮೆಕ್ಸಿಕೋಗೆ ಹೊರಟ 'ನೊವಾರಾ' ಹಡಗಿನಲ್ಲಿ ಮ್ಯಾಕ್ಸಿಮಿಲಿಯನ್ ಮಾಡಿದ್ದೇನು ಗೊತ್ತಾ? ದರ್ಬಾರಿನ ರೀತಿ ರಿವಾಜಿನ ದಪ್ಪ ಪುಸ್ತಕ ಬರೆಯುತ್ತಾ ಕೂತಿದ್ದ. 1864ರ ಮೇ ಕೊನೆಯಲ್ಲಿ ವೆರಾಕ್ರೂಸ್ ಬಂದರಿನಲ್ಲಿ ಇಳಿದರೆ ಬೀದಿಗಳು ಬಿಕೋ ಅನ್ನುತ್ತಿದ್ದವು. ರಾಜಧಾನಿಯ ಅರಮನೆಯಲ್ಲಿ ಮೊದಲ ರಾತ್ರಿ ತಿಗಣೆ ಕಾಟ ತಾಳಲಾರದೆ ಬಿಲಿಯರ್ಡ್ಸ್ ಮೇಜಿನ ಮೇಲೆ ಮಲಗಿದನಂತೆ.

ಇಲ್ಲಿಂದಾಚೆ ನೀವು ಹೇಳುವುದು ಸರಿ. ಅವನನ್ನು ಕರೆಸಿಕೊಂಡ ಪಾದ್ರಿಗಳು, ಜಮೀನುದಾರರು ಚರ್ಚಿನ ಆಸ್ತಿ ವಾಪಸ್ ಸಿಗುತ್ತದೆ ಎಂದು ಕಾದಿದ್ದರು. ಅವನು ಕೊಡಲಿಲ್ಲ. ಕೂಲಿಗಳನ್ನು ಹೊಡೆಯುವಂತಿಲ್ಲ, ದುಡಿಸುವುದಕ್ಕೂ ಇಷ್ಟೇ ಗಂಟೆ ಎಂದು 1865ರ ನವೆಂಬರ್‌ನಲ್ಲಿ ಕಾನೂನು ತಂದ. ಆಜ್ಞೆಗಳನ್ನು ಸ್ಥಳೀಯರ ನಾಹ್ವಾಟ್ಲ್ ಭಾಷೆಯಲ್ಲೂ ಹೊರಡಿಸಿದ. ಕರೆದವರೇ ಮುನಿಸಿಕೊಂಡರು. ಹ್ವಾರೆಸ್ ಕಡೆಯವರಂತೂ ಮೊದಲಿನಿಂದಲೂ ಶತ್ರುಗಳೇ.

ಆದರೆ ಆ ಕಾನೂನಿಗೆ ಒಂದು ತಿಂಗಳ ಹಿಂದಿನ ಇನ್ನೊಂದು ಕಾಗದವನ್ನೂ ನೋಡಿ. ಅಕ್ಟೋಬರ್ 3ರ 'ಕಪ್ಪು ಆಜ್ಞೆ'. ಆಯುಧ ಹಿಡಿದು ಸಿಕ್ಕ ಬಂಡುಕೋರರನ್ನು 24 ಗಂಟೆಯೊಳಗೆ ಗುಂಡಿಟ್ಟು ಕೊಲ್ಲಬೇಕು ಎಂಬ ಅಪ್ಪಣೆ. ಸಹಿ ಅವನದೇ. ಹಾಗಾಗಿ 'ಕೈಗೊಂಬೆ' ಎಂಬ ಮಾತನ್ನು ನಾನು ವಾಪಸ್ ತಗೊಳ್ಳುತ್ತೇನೆ. ಆದರೆ ನಿಮ್ಮ ಕಾರಣಕ್ಕಲ್ಲ, ಈ ಸಹಿಯ ಕಾರಣಕ್ಕೆ. ಗೊಂಬೆ ಅಂದರೆ ಅವನು ಸುಮ್ನೆ ತಪ್ಪಿಸಿಕೊಂಡುಬಿಡುತ್ತಾನೆ.

ಮುಂದಿನದು ಬೇಗ ಮುಗಿಯಿತು. ಅಮೆರಿಕ ತನ್ನ ಅಂತರ್ಯುದ್ಧ ಮುಗಿಸಿ ಕಣ್ಣು ಕೆಂಪು ಮಾಡಿತು. ಫ್ರೆಂಚ್ ಸೈನ್ಯ ಗಂಟುಮೂಟೆ ಕಟ್ಟಿತು. ಹೆಂಡತಿ ಕಾರ್ಲೋಟಾ 1866ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಪೋಲಿಯನ್ ಮುಂದೆ ಅಂಗಲಾಚಿದಳು. ಆಗಲಿಲ್ಲ. ರೋಮಿನಲ್ಲಿ ಪೋಪ್ ಬಳಿ ಹೋಗುವಷ್ಟರಲ್ಲಿ, ಎಲ್ಲರೂ ತನಗೆ ವಿಷ ಹಾಕುತ್ತಾರೆ ಎಂಬ ಭ್ರಮೆ ಹಿಡಿದಿತ್ತು. ಇತ್ತ ಮ್ಯಾಕ್ಸಿಮಿಲಿಯನ್‌ಗೆ ಓಡಿಹೋಗಲು ಅವಕಾಶವಿತ್ತು, ಹೋಗಲಿಲ್ಲ. ಕೆರೆಟಾರೊ ಊರಿನಲ್ಲಿ ಹ್ವಾರೆಸ್ ಸೈನ್ಯದ ಮುತ್ತಿಗೆಗೆ ಸಿಕ್ಕಿಬಿದ್ದ. 1867ರ ಜೂನ್ 19ರ ಬೆಳಿಗ್ಗೆ ಇಬ್ಬರು ಸೇನಾಪತಿಗಳ ಜೊತೆ ಗುಡ್ಡದ ಮೇಲೆ ನಿಲ್ಲಿಸಿದರು. ಗುಂಡು ಹಾರಿಸುವ ಸೈನಿಕರ ಕೈಗೆ ಒಂದೊಂದು ಚಿನ್ನದ ನಾಣ್ಯ ಕೊಟ್ಟ. ಆಗ ಅವನಿಗೆ 34 ವರ್ಷ.

ಶವವನ್ನು ಕೊಂಡೊಯ್ಯಲು ಆಸ್ಟ್ರಿಯಾ ಕಳಿಸಿದ್ದೂ ಅದೇ 'ನೊವಾರಾ' ಹಡಗನ್ನು. ಕಾರ್ಲೋಟಾ 1927ರವರೆಗೆ ಬದುಕಿದ್ದಳು.