ಡೀಪ್ ಕ್ಲೀನಿಂಗ್ ನಂತರ ಹಲ್ಲು ಉದ್ದವಾಗಿ ಕಾಣುತ್ತಿದೆ

ಪ್ರಶ್ನೆ: ವಸಡಿನಿಂದ ರಕ್ತ ಒಸರುತ್ತಿದ್ದುದರಿಂದ ದಂತವೈದ್ಯರಿಗೆ ತೋರಿಸಿದೆ. ಕೆಲವು ಹಲ್ಲುಗಳ ಸುತ್ತ 5–6 ಮಿ.ಮೀ. ಆಳದ ಪಾಕೆಟ್‌ಗಳಿವೆ (ವಸಡು ಮತ್ತು ಹಲ್ಲಿನ ನಡುವೆ ಆಳವಾದ ಸಂದುಗಳು) ಎಂದು ತಿಳಿಸಿ, ಕಳೆದ ವಾರ ಬಲಭಾಗಕ್ಕೆ ಡೀಪ್ ಕ್ಲೀನಿಂಗ್, ಅಂದರೆ ವಸಡಿನ ಕೆಳಗೆ ಬೇರಿನವರೆಗೂ ಶುಚಿ, ಮಾಡಿದರು. ಈಗ ಆ ಭಾಗದ ಹಲ್ಲುಗಳು ಉದ್ದವಾಗಿ ಕಾಣುತ್ತಿವೆ, ನಡುವೆ ಸಂದು ಬಿದ್ದಿದೆ, ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂದು ಮನೆಯವರು ಹೇಳುತ್ತಾರೆ. ಎಡಭಾಗಕ್ಕೂ ಮಾಡಿಸಿಕೊಳ್ಳಲೇ?

ಉತ್ತರ: ಮಾಡಿಸಿಕೊಳ್ಳಿ, ಅರ್ಧಕ್ಕೆ ನಿಲ್ಲಿಸಬೇಡಿ. ಆರೋಗ್ಯವಾಗಿರುವ ವಸಡು ಮತ್ತು ಹಲ್ಲಿನ ನಡುವಿನ ಸಂದಿನ ಆಳ 1ರಿಂದ 3 ಮಿ.ಮೀ. ಮಾತ್ರ. ಅದಕ್ಕಿಂತ ಆಳವಾದಲ್ಲಿಗೆ ಬ್ರಷ್ ತಲುಪುವುದಿಲ್ಲವಾದ್ದರಿಂದ, ಅಲ್ಲಿ ಕೂತ ಪಾಚಿ ಗಟ್ಟಿಯಾಗಿ ಬೇರಿಗೆ ಅಂಟಿಕೊಳ್ಳುತ್ತದೆ ಮತ್ತು ಅದರಿಂದಾದ ಉರಿಯೂತವು ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ನಿಧಾನವಾಗಿ ಕರಗಿಸುತ್ತದೆ. ಇಷ್ಟು ದಿನ ಊದಿಕೊಂಡಿದ್ದ ವಸಡು ಈ ನಷ್ಟವನ್ನು ಮುಚ್ಚಿಟ್ಟಿತ್ತು. ಈಗ ಊತ ಇಳಿದಿರುವುದರಿಂದ ಬೇರಿನ ಒಂದು ಭಾಗ ಹೊರಗೆ ಕಾಣುತ್ತಿದೆ. ಬೇರಿಗೆ ಎನಾಮಲ್ ಹೊದಿಕೆ ಇಲ್ಲದ ಕಾರಣ ತಣ್ಣೀರಿಗೆ ಜುಮ್ಮೆನ್ನುತ್ತದೆ. ಇದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಟೂತ್‌ಪೇಸ್ಟ್ ನೆರವಾಗುತ್ತದೆ, ಆದರೆ ಅದನ್ನು ದಿನವೂ ತಪ್ಪದೆ ಬಳಸಬೇಕು.

ನಿಮ್ಮ ಮನೆಯವರ ಮಾತು ಬಹಳ ಕಡೆ ಕೇಳಿಬರುವಂಥದ್ದೇ. ಮೂಳೆಯ ಆಸರೆ ಕಳೆದುಕೊಂಡ ಹಲ್ಲನ್ನು ಗಟ್ಟಿಯಾದ ಪಾಚಿಯೇ ಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುವುದುಂಟು. ಅದನ್ನು ತೆಗೆದಾಗ ಮೊದಲೇ ಇದ್ದ ಅಲುಗಾಟ ಅರಿವಿಗೆ ಬರುತ್ತದೆ, ಅಪವಾದ ಮಾತ್ರ ಚಿಕಿತ್ಸೆಯ ಮೇಲೆ ಬೀಳುತ್ತದೆ. ಉರಿಯೂತ ಇಳಿದ ಮೇಲೆ ಇಂಥ ಹಲ್ಲು ತುಸು ಬಿಗಿಯಾಗುವುದೂ ಇದೆ. ಆದರೆ ಕರಗಿದ ಮೂಳೆ ಈ ಚಿಕಿತ್ಸೆಯಿಂದ ಬಹುಮಟ್ಟಿಗೆ ಮರಳುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಉಳಿದಿರುವುದನ್ನು ಕಾಪಾಡಿಕೊಳ್ಳುವುದೇ ಇದರ ಉದ್ದೇಶ.

ಎಡಭಾಗದ ಚಿಕಿತ್ಸೆಯಾದ ದಿನ, ಮರವಳಿಕೆ ಪೂರ್ತಿ ಇಳಿಯುವ ತನಕ ಏನನ್ನೂ ಅಗಿಯಬೇಡಿ. ಕೆನ್ನೆಯನ್ನೋ ನಾಲಿಗೆಯನ್ನೋ ಕಚ್ಚಿಕೊಂಡರೂ ತಿಳಿಯುವುದಿಲ್ಲ. ಎರಡು ಮೂರು ದಿನ ನೋವು ಮತ್ತು ಅಲ್ಪ ರಕ್ತ ಸಹಜ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಮೆತ್ತಗಿನ ಬ್ರಷ್‌ನಿಂದ ಉಜ್ಜುತ್ತಿರಿ. ನೋವೆಂದು ಉಜ್ಜುವುದನ್ನೇ ಬಿಟ್ಟರೆ ಪಾಚಿ ಮತ್ತೆ ಕೂರುತ್ತದೆ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ದ್ರಾವಣ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಮಾತ್ರ ಬಳಸಿ, ಏಕೆಂದರೆ ಹೆಚ್ಚು ಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹತ್ತುತ್ತದೆ. ಧೂಮಪಾನ ವಸಡು ಮಾಯುವುದನ್ನು ತಡೆಯುತ್ತದೆ. ಮಧುಮೇಹವಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಒಂದರಿಂದ ಮೂರು ತಿಂಗಳೊಳಗೆ ಪಾಕೆಟ್‌ಗಳನ್ನು ಮತ್ತೆ ಅಳೆಯಿಸಿಕೊಳ್ಳಿ. ಆಳ ಇಳಿಯದೆ ರಕ್ತಸ್ರಾವ ಉಳಿದಿರುವ ಕಡೆ ಮರು ಕ್ಲೀನಿಂಗ್ ಅಥವಾ ವಸಡಿನ ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಆಗ ತೀರ್ಮಾನವಾಗುತ್ತದೆ. ಅದಕ್ಕೂ ಮೊದಲೇ ಕೀವು, ಜ್ವರ, ಹೆಚ್ಚುತ್ತಿರುವ ಊತ ಅಥವಾ ನಿಲ್ಲದ ರಕ್ತ ಕಂಡುಬಂದರೆ ಕಾಯದೆ ವೈದ್ಯರನ್ನು ಕಾಣಿ.