ಸಾದಾ ಹಾಳೆಯಲ್ಲಿ ಬರೆದ ಮೃತ್ಯುಪತ್ರ ನಡೆಯುತ್ತಾ?

ಇಳಕಲ್‌ನಲ್ಲಿ ಸೀರೆ ನೇಯುವ ನಿಮ್ಮ ತಂದೆ ಮನೆ, ಮಗ್ಗ, ಹೊಲ ಹಂಚಿ ಮೃತ್ಯುಪತ್ರ ಬರೆಯಲು ಛಾಪಾ ಕಾಗದ ಬೇಕಾ ಅಂತ ಕೇಳಿದ್ದೀರಿ. ಬೇಡ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಸಹಿ ಇಲ್ಲವೇ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ಸುಮ್ನೆ ತಕರಾರು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಜಗಳ ಜಾಸ್ತಿ ಹುಟ್ಟುವುದು ಹೊಲಕ್ಕೆ. ಸ್ವಂತ ದುಡಿಮೆಯ ಮನೆ, ಮಗ್ಗ ಯಾರಿಗಾದರೂ ಕೊಡಬಹುದು. ಪಿತ್ರಾರ್ಜಿತ ಹೊಲದಲ್ಲಿ ಹಿಂದೂ ತಂದೆ ತನ್ನ ಪಾಲನ್ನಷ್ಟೇ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ‘ಮಗ್ಗ ಮಕ್ಕಳಿಗೆ’ ಅಂತಷ್ಟೇ ಬರೆದು ಬಿಡಬೇಡಿ. ಪಡಸಾಲೆಯ ಮಗ್ಗ ಯಾರಿಗೆ, ಹಿತ್ತಲ ಕಡೆಯದು ಯಾರಿಗೆ, ರೇಷ್ಮೆ ನೂಲಿನ ಬಾಕಿ ಯಾರು ತೀರಿಸಬೇಕು, ಎಲ್ಲ ಬಿಡಿಸಿ ಬರೆಸಿ.